ಒಂದೇ ಹೆಸರಿನ ಇಬ್ಬರು

ನಮ್ಮ ಮನೆತನದ ಗಂಡಸರಿಗೆ ಇದ್ದದ್ದು ಎರಡೇ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ, ಆ ಮೊಮ್ಮಗನ ಹೆಸರು ಮತ್ತೆ ಅವನ ಮೊಮ್ಮಗನಿಗೆ. ಹೀಗಾಗಿ ಕಾಗದಪತ್ರಗಳಲ್ಲಿ ಇವನ ತಂದೆ ಅವನು, ಅವನ ತಂದೆ ಇವನು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರು ಯಾರೆಂದು ನಿಮಗೆ ತಿಳಿಯುವುದಿಲ್ಲ. ನನಗೇ ತಿಳಿಯಲಿಲ್ಲ, ಅದನ್ನೇ ಹೇಳಲು ಕೂತಿದ್ದೇನೆ.

ಮುಳಗುಂದದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದೆ. ಬೆಟಗೇರಿಯ ಮನೆಯಲ್ಲಿ ಕೈಕಟ್ಟಿ ಕೂರುವುದು ನನ್ನಿಂದಾಗದ ಮಾತು. ಅಪ್ಪ ತೀರಿಕೊಂಡಾಗ, ನಮ್ಮ ಹಿರಿಯರ ಊರು ಹಮ್ಮಿಗಿಯ ಹೊಲಕ್ಕೆ ವಾರಸಾ ಹಚ್ಚಲು, ಅಂದರೆ ಅದನ್ನು ನನ್ನ ಹೆಸರಿಗೆ ಮಾಡಿಸಲು, ವಂಶಾವಳಿ ಕೇಳಿದ್ದರು. ಆ ಕೆಲಸ ಮುಗಿದರೂ ನನಗೆ ಹತ್ತಿದ ಚಟ ಬಿಡಲಿಲ್ಲ. ದೊಡ್ಡದೊಂದು ಡ್ರಾಯಿಂಗ್ ಹಾಳೆ ತಂದು, ಸಿಕ್ಕಷ್ಟೂ ತಲೆಮಾರುಗಳನ್ನು ಬರೆದೇ ಬಿಡುತ್ತೇನೆಂದು ಹೊರಟೆ. ತಾಲೂಕು ಕಚೇರಿಯ ಹಳೆಯ ಹುಟ್ಟಿನ ರಜಿಸ್ಟರುಗಳಿಗಾಗಿ ಮುಂಡರಗಿಯ ಬಸ್ಸು ಎಷ್ಟು ಸಲ ಹತ್ತಿದೆನೋ ಲೆಕ್ಕವಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಒಬ್ಬನೇ ಅಜ್ಜನ ಹೆಸರನ್ನು ಅಣ್ಣನ ಮಗನಿಗೂ ಇಟ್ಟಿದ್ದರು, ತಮ್ಮನ ಮಗನಿಗೂ ಇಟ್ಟಿದ್ದರು. ಊರವರು ಒಬ್ಬನನ್ನು ಕೆಂಚ, ಇನ್ನೊಬ್ಬನನ್ನು ಗಿಡ್ಡ ಎಂದು ಕರೆದು ಬಗೆಹರಿಸಿಕೊಂಡಿದ್ದರು. ರಜಿಸ್ಟರ್ ಬರೆದ ಪುಣ್ಯಾತ್ಮನಿಗೆ ಗಿಡ್ಡ ಉದ್ದ ಬೇಕಾಗಿರಲಿಲ್ಲ. ಕಡೆಗೆ ನಾನೊಂದು ನಿಯಮ ಮಾಡಿಕೊಂಡೆ: ಹೆಸರು ಒಂದೇ, ತಂದೆ ಒಬ್ಬನೇ, ತಾಯಿ ಒಬ್ಬಳೇ ಆದರೆ ಮನುಷ್ಯನೂ ಒಬ್ಬನೇ. ಈ ನಿಯಮದಿಂದ ನಾಲ್ವರಂತೆ ಕಾಣುತ್ತಿದ್ದವರು ಇಬ್ಬರಾದರು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಶಾಲೆಯಲ್ಲಿದ್ದಾಗಿನಿಂದಲೂ ತಪ್ಪು ಹುಡುಕಿ ಹೊಡೆದುಹಾಕುವುದೆಂದರೆ ನನಗೊಂದು ಖುಷಿ.

ಹಾಳೆ ಒಂದು ಹದಕ್ಕೆ ಬಂದ ಮೇಲೆ ಅದನ್ನು ಸುತ್ತಿಕೊಂಡು ಶಿರಹಟ್ಟಿಗೆ ಹೋದೆ. ಅಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ತನ್ನ ಮಗಳ ಮನೆಯಲ್ಲಿದ್ದಳು. ಎಂಬತ್ತೈದು ದಾಟಿತ್ತು, ಕಣ್ಣು ಮಂಜಾಗಿದ್ದವು. ನಾನು ಒಂದೊಂದೇ ಹೆಸರು ಓದಿ ಹೇಳಿದೆ. ಅಜ್ಜನ ಮಕ್ಕಳು ಇಬ್ಬರು, ಅತ್ತೆ ಮತ್ತು ಅಪ್ಪ, ಎನ್ನುವಲ್ಲಿ ಅವಳು ನನ್ನ ಕೈ ಹಿಡಿದಳು.

"ನನಗೂ ನಿಮ್ಮಪ್ಪಗೂ ನಡುವ ಒಂದ ಗಂಡಕೂಸು ಇತ್ತಲ್ಲ, ಅದನ್ನ ಎಲ್ಲಿ ಬರದಿ?"

ಅಂಥ ಕೂಸಿನ ಸುದ್ದಿಯನ್ನೇ ನಾನು ಕೇಳಿರಲಿಲ್ಲ. ಹೆಸರೇನು ಎಂದೆ. ಅಪ್ಪನ ಹೆಸರನ್ನೇ ಹೇಳಿದಳು.

"ನಮ್ಮಜ್ಜನ ಹೆಸರು ಮೊದಲ ಅದಕ್ಕ ಇಟ್ಟಿದ್ರು. ಅದು ಹೋದಮ್ಯಾಲೆ ನಿಮ್ಮಪ್ಪಗ ಇಟ್ರು. ನಾ ಅದನ್ನ ಎತ್ತಿ ಆಡಿಸೀನವ್ವಾ."

"ಇಷ್ಟು ವರ್ಷ ಯಾಕ ಹೇಳಲಿಲ್ಲ ಅತ್ತಿ?"

"ಹೆಂಗ ಹೇಳ್ಲಿ? ಹೆಸರು ತಗೊಂಡು ಸತ್ತಾನ ಅಂದ್ರ ಬದುಕಿದ್ದಂವಗ ತಟ್ಟತೈತಿ ಅಂತ ನಮ್ಮವ್ವ ಬಾಯಿ ಮ್ಯಾಲೆ ಬಡೀತಿದ್ಲು. ಈಗ ನಿಮ್ಮಪ್ಪನೂ ಹೋದ. ಇನ್ನ ಅಂದ್ರ ಯಾರಿಗೂ ಏನೂ ಆಗಾಂಗಿಲ್ಲ. ಅದರ ಹೆಸರು ಬರಿ."

ಬರೆಯಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. ಆದರೆ ನಾನು ರಜಿಸ್ಟರ್ ನೋಡಿ ಬಂದವಳು. ಅಲ್ಲಿ ಅಜ್ಜನ ಮಗನೆಂದು ಆ ಹೆಸರಿನ ಹುಟ್ಟು ಒಂದೇ ಇತ್ತು. ಅದರ ತಾರೀಖಿಗೂ ಲಕ್ಷ್ಮೇಶ್ವರದ ಶಾಲೆಯಲ್ಲಿ ಬರೆಸಿದ ಅಪ್ಪನ ಹುಟ್ಟಿದ ತಾರೀಖಿಗೂ ಎರಡು ವರ್ಷದ ಅಂತರವಿತ್ತು ನಿಜ. ಹಿಂದಿನ ಮಾಸ್ತರರು ಬಾಯಿಗೆ ಬಂದ ತಾರೀಖು ಬರೆಯುತ್ತಿದ್ದರೆಂದು ಗೊತ್ತಿದ್ದ ನನಗೆ ಅದೊಂದು ದೊಡ್ಡ ವಿಷಯವೆನಿಸಿರಲಿಲ್ಲ.

"ನೀ ಎತ್ತಿ ಆಡಿಸಿದ್ದು ಅಪ್ಪನ್ನ ಅತ್ತಿ. ವಯಸ್ಸಾತು, ನಿನಗ ಕಲಸಿಹೋಗೇತಿ," ಎಂದೆ.

ಆಮೇಲೂ ಅವಳು ಬಿಡಲಿಲ್ಲ. ಮಗಳಿಂದ ಫೋನ್ ಹಚ್ಚಿಸಿ "ಕೂಸಿನ್ನ ಹಾಕಿದೇನು?" ಎಂದು ಕೇಳುತ್ತಿದ್ದಳು. ಮೂರನೆಯ ಸಲಕ್ಕೆ ನನ್ನ ತಲೆ ಕೆಟ್ಟಿತು. ಇಲ್ಲದ ಕೂಸನ್ನು ಎಲ್ಲಿಂದ ತರಲಿ ಎಂದು ರೇಗಿಬಿಟ್ಟೆ.

"ಇರಬಹುದವ್ವಾ, ಕಲಿತಾಕಿ ನೀ," ಎಂದಳು. ಮತ್ತೆಂದೂ ಕೇಳಲಿಲ್ಲ. ನಾಲ್ಕೈದು ತಿಂಗಳಲ್ಲಿ ತೀರಿಕೊಂಡಳು.

ಅವಳು ಹೋಗಿ ತಿಂಗಳಾಗಿರಲಿಲ್ಲ. ಅಜ್ಜನ ತಮ್ಮ ಯಾವಾಗ ತೀರಿಕೊಂಡನೆಂದು ನೋಡಲು ಮುಂಡರಗಿಯಲ್ಲಿ ಮರಣದ ರಜಿಸ್ಟರ್ ತೆಗೆಸಿದೆ. ಅಲ್ಲಿಯವರೆಗೆ ಹುಟ್ಟಿನವನ್ನೇ ತಿರುವಿದ್ದೆ. ಅಪ್ಪ ನನ್ನ ಕಣ್ಣೆದುರಿಗೇ ಹೋದವನು, ಅವನನ್ನು ಸತ್ತವರ ಹಳೆಯ ಪಟ್ಟಿಯಲ್ಲಿ ಯಾಕೆ ಹುಡುಕಲಿ? ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತಿದ್ದೆ. ಅಪ್ಪನ ಹೆಸರು. ತಂದೆಯ ಹೆಸರು ಅಜ್ಜನದೇ. ಊರು ಹಮ್ಮಿಗಿ. ವಯಸ್ಸು ಹನ್ನೊಂದು ತಿಂಗಳು. ಜ್ವರ.

"ಸಿಕ್ತೇನ್ರೀ ಅಕ್ಕೋರ?" ಎಂದು ಗುಮಾಸ್ತ ಕೇಳಿದ. ಸಿಕ್ಕಿತು ಎಂದೆ.

ನನಗೆ ಗೊತ್ತಿರಲಿಲ್ಲವೇ? ಅಜ್ಜನ ಹೆಸರು ಎತ್ತುವವರಿಲ್ಲದೆ ಹೋಗಬಾರದೆಂದು, ಸತ್ತ ಕೂಸಿನ ಹೆಸರನ್ನೇ ಮುಂದೆ ಹುಟ್ಟಿದ್ದಕ್ಕೆ ಇಡುವುದು ನಮ್ಮ ಕಡೆಯ ರೂಢಿ. ನನ್ನ ತರಗತಿಯಲ್ಲೇ ಅಂಥ ಮಕ್ಕಳಿದ್ದರು, ಅವರ ತಾಯಂದಿರೇ ಹೇಳಿದ್ದರು. ಎಲ್ಲ ಗೊತ್ತಿದ್ದೂ ಅತ್ತೆಯ ಮುಂದೆ ನಿಯಮ ಹೇಳಿದೆ. ಆಮೇಲೆ ವಿಚಾರಿಸಿದರೆ, ಅಪ್ಪ ಹುಟ್ಟಿದ್ದು ಅಜ್ಜಿಯ ತವರಿನಲ್ಲಿ. ಅವನ ಹುಟ್ಟನ್ನು ಅಲ್ಲಿ ಯಾರೂ ಬರೆಸಿಯೇ ಇರಲಿಲ್ಲ. ನಾನು ಅಪ್ಪನದೆಂದು ಹಿಡಿದುಕೊಂಡಿದ್ದ ಹುಟ್ಟು ಆ ಕೂಸಿನದು. ಸಿಕ್ಕು ಬಿಡಿಸಲು ಹೋದವಳು ಒಂದು ಜೀವವನ್ನೇ ಅಳಿಸಿದ್ದೆ. ಆ ಕೂಸಿನ ಮುಖ ನೆನಪಿದ್ದವಳು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು, ಅವಳನ್ನು ಅರಳುಮರಳು ಮಾಡಿ ಕಳಿಸಿದೆ.

ಹಾಳೆಯ ಮೇಲೆ ಅತ್ತೆಗೂ ಅಪ್ಪನಿಗೂ ನಡುವೆ ಕೂಸಿನ ಹೆಸರು ಬರೆದೆ. ಒಂದೇ ಹೆಸರು, ಪಕ್ಕಪಕ್ಕದಲ್ಲಿ ಎರಡು ಸಲ. ಅದನ್ನು ಯಾರಿಗೆ ತೋರಿಸಲಿ? ಇದ್ದವಳು ಅತ್ತೆಯ ಮಗಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಶಿರಹಟ್ಟಿಗೆ ಹೋಗಿ ಅವಳ ಮುಂದೆ ಎಲ್ಲ ಹೇಳಿದೆ. ತಪ್ಪಾಯಿತೆಂದೂ ಹೇಳಿದೆ.

"ಅವ್ವ ಕಡೀ ದಿನದಾಗ ಒಂದ ಮಾತು ಕೇಳತಿದ್ಲು," ಎಂದಳು. "'ಆ ಕೂಸು ಸತ್ತಿಲ್ಲಂದ್ರ, ನಮ್ಮಪ್ಪ ಅರಿವಿಯೊಳಗ ಸುತ್ತಿಕೊಂಡು ಹೊಳಿ ಕಡೆ ಒಯ್ದದ್ದು ಏನು?' ಅಂತ."

"ನೀ ಏನ್ ಹೇಳಿದಿ?"

"ನಾ ಏನ್ ಹೇಳ್ಲಿ ಅಕ್ಕಾ? ಏನೂ ಒಯ್ದಿಲ್ಲ ಸುಮ್ನಿರು, ಅಕ್ಕ ಎಲ್ಲಾ ನೋಡಿ ಬಂದಾಳ ಅಂದೆ."