ಚೌಕಾಶಿ ಮಾಡದ ಸಾಫ್ಟ್‌ವೇರು

ಕೇಳಿದ್ದನ್ನು ಕೇಳಿದ ಹಾಗೇ ಕೊಡುವವನ ಹತ್ತಿರ ಹುಷಾರಾಗಿರಬೇಕು. ರಾಯಕೋಟೆ ಸಂತೆಯಲ್ಲಿ ಟೊಮ್ಯಾಟೊ ಮಾರುತ್ತಿದ್ದ ಕಾಲಕ್ಕೇ ಇದು ನನಗೆ ಗೊತ್ತಿತ್ತು. ಆದರೂ ಹೊಸೂರಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟು ಇಷ್ಟು ವರ್ಷ ಆದಮೇಲೆ ಒಂದು ಕಂಪ್ಯೂಟರಿನ ಎದುರು ಮರೆತುಬಿಟ್ಟೆ.

ನಮ್ಮದು ಫಿಕ್ಸ್ಚರ್ ಕೆಲಸ. ಬಿಡಿಭಾಗಗಳಿಗೆ ತೂತು ಕೊರೆಯುವಾಗ ಅಲುಗಾಡದ ಹಾಗೆ ಹಿಡಿದುಕೊಳ್ಳುವ ಕಬ್ಬಿಣದ ಚೌಕಟ್ಟುಗಳು. ಇವನ್ನು ಕೊಳ್ಳುವ ದೊಡ್ಡ ಕಂಪನಿಯೊಂದರಲ್ಲಿ ಮೊದಲು ಒಬ್ಬ ಹಿರಿಯ ಸಾಹೇಬರಿದ್ದರು. ನಾನು ಫೋನಿನಲ್ಲಿ ಮೂವತ್ತೈದು ದಿನ ಅನ್ನುವೆ. ಅವರು ಹದಿನೈದು ಅನ್ನುವರು. ಬೈದಾಡಿ, ನಕ್ಕು, ಇಪ್ಪತ್ತಕ್ಕೆ ನಿಲ್ಲುತ್ತಿದ್ದೆವು. ಕೆಲಸ ಹಿಡಿಯುತ್ತಿದ್ದುದೂ ಇಪ್ಪತ್ತೇ ದಿನ.

ಅವರು ರಿಟೈರಾದರು, ಸಾಫ್ಟ್‌ವೇರ್ ಬಂತು. ಕಂಪನಿಯ ಎಲ್ಲ ಪ್ರಾಜೆಕ್ಟೂ ಒಂದೇ ಪರದೆಯ ಮೇಲೆ. ಮಾಲು ಕೊಡುವವರು ತಮ್ಮ ದಿನಗಳನ್ನು ತಾವೇ ತುಂಬಬೇಕು. ಕಂಪನಿ ಹಾಕುತ್ತಿದ್ದ ಹೊಸ ಮಿಷಿನ್ ಲೈನಿಗೆ ಫಿಕ್ಸ್ಚರಿನ ಆರ್ಡರ್ ಬಂದಾಗ ನಾನು ಎಂದಿನಂತೆ ಮೂವತ್ತೈದು ಎಂದು ಒತ್ತಿ, ಯಾರಾದರೂ ಫೋನ್ ಮಾಡಿ ಜಗ್ಗಾಡಲಿ ಎಂದು ಕಾದೆ. ಫೋನೇ ಇಲ್ಲ. ಮೂರನೇ ದಿನ ಮೇಲ್ ಬಂತು: ನಿಮ್ಮಿಂದ ಇಡೀ ಲೈನ್ ತಡವಾಗುತ್ತಿದೆ, ಈ ಕೆಲಸ ಬೇರೆಯವರಿಗೆ ಕೊಡುವ ಯೋಚನೆಯಿದೆ.

ಉದ್ದನಪಲ್ಲಿ ಕಡೆಯ ನಮ್ಮ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣೋ, ನೀನು ಯೋಳಿದ್ದನ್ನ ಆ ಕಂಪ್ಯೂಟ್ರು ನಿಜ ಅಂತ ನಂಬ್‌ಬುಡ್ತಲ್ಲಣ್ಣೋ! ಪಾಪದ್ದು!"

"ನಗ್ಬ್ಯಾಡ ಕಣ್ಲಾ. ಆ ಆರ್ಡರ್ ಹೋದ್ರೆ ಎರಡು ತಿಂಗಳು ಮಿಷಿನ್ ಮುಂದೆ ಕೂತ್ಕೊಂಡು ನೊಣ ಹೊಡೀಬೇಕು, ನೀನೂವೆ."

ಅವನ ನಗು ನಿಂತಿತು. ನಾನು ಕಂಪನಿಗೆ ಓಡಿದೆ.

ಪ್ಲಾನಿಂಗ್ ನೋಡುವ ಮೇಡಮ್ಮು ಚಿಕ್ಕ ವಯಸ್ಸಿನವರು, ತಮಿಳು ಬೆರೆಸಿ ಕನ್ನಡ ಮಾತಾಡುತ್ತಾರೆ. ಪರದೆ ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನ, ಮೂವತ್ತೈದು ದಿನದ ಬಣ್ಣದ ಪಟ್ಟಿ ಉದ್ದಕ್ಕೆ ಮಲಗಿತ್ತು. ಅದರ ಹಿಂದೆ ಮಿಷಿನ್ ಕೂರಿಸುವುದು, ಟ್ರಯಲ್ ನೋಡುವುದು, ಎಲ್ಲವೂ ತಡವೆಂದು ಕೆಂಪಾಗಿ ಸಾಲುಗಟ್ಟಿದ್ದವು.

"ನಿಜ ಸೊಲ್ಲುಂಗ, ನಿಜ ಹೇಳಿ ಅಣ್ಣಾ, ಎಷ್ಟು ದಿನ ಬೇಕು?"

"ಇಪ್ಪತ್ತೈದು," ಎಂದೆ. ಬಾಯಿಗೆ ರೂಢಿ ನೋಡಿ.

ಆಕೆ ಚೌಕಾಶಿ ಮಾಡಲಿಲ್ಲ. ಕೀಬೋರ್ಡನ್ನು ನನ್ನ ಮುಂದಕ್ಕೆ ಸರಿಸಿ, "ನೀವೇ ಒತ್ತಿ" ಎಂದರು. ನನ್ನ ಬೆರಳು ಏಳಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಇಪ್ಪತ್ತಣ್ಣೋ. ಕರೆಂಟು ಕೈಕೊಟ್ರೆ ಇಪ್ಪತ್ತೆರಡು."

"ಆ ಎರಡು ದಿನ ಬರೆಯೋಕೆ ಬೇರೆ ಜಾಗ ಇದೆ ಅಣ್ಣಾ," ಎಂದು ಆಕೆ ತೋರಿಸಿದರು. ಮುಂದೆ ಬರಬಹುದಾದ ಅಡಚಣೆಯನ್ನು ಮೊದಲೇ ಬರೆದಿಡುವ ಕಿಂಡಿ! ನೆಪ ಹೇಳಲು ಇಷ್ಟು ಮರ್ಯಾದೆಯ ಜಾಗ ನನಗೆ ಇದುವರೆಗೂ ಯಾರೂ ಕೊಟ್ಟಿರಲಿಲ್ಲ. ಇಪ್ಪತ್ತು ಒತ್ತಿದೆ. ಕೆಂಪು ಅರ್ಧಕ್ಕರ್ಧ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಆಕೆಯ ಮುಖ ಸಪ್ಪಗಾಯಿತು.

ಆಗ ಸಂತೆಯ ಕಣ್ಣು ತೆರೆಯಿತು. ನನ್ನ ಪಟ್ಟಿಯ ಮೇಲಿನ ಸಾಲಿನಲ್ಲೇ ಇನ್ನೊಂದು ಪಟ್ಟಿಯಿತ್ತು: ನಾವು ಕಳಿಸುವ ಡ್ರಾಯಿಂಗಿಗೆ ಕಂಪನಿಯ ಒಪ್ಪಿಗೆ, ಎಂಟು ದಿನ.

"ಮೇಡಮ್, ಈ ಎಂಟು ನಿಜವಾದ ಎಂಟಾ?"

ಆಕೆ ಡ್ರಾಯಿಂಗ್ ವಿಭಾಗಕ್ಕೆ ಫೋನ್ ಹಚ್ಚಿದರು. ಆ ಕಡೆಯವರು ಎಳೆದಾಡಿ, ಕೆಮ್ಮಿ, ಕೊನೆಗೆ ಮೂರು ಎಂದರು. ಮೂರು ಒತ್ತಿದ ಕೂಡಲೇ ಪರದೆಯೆಲ್ಲ ಹಸಿರು. ಮೇಡಮ್ಮು ನಕ್ಕೇ ನಕ್ಕರು. ಆರ್ಡರ್ ಉಳಿಯಿತು.

ಹಾಗಾಗಿ ಹೇಳುತ್ತೇನೆ, ಇಂಥ ಸಾಫ್ಟ್‌ವೇರಿನಲ್ಲಿ ನಿಮ್ಮ ದಿನ ನಿಜ ಬರೆಯಿರಿ. ಚೌಕಾಶಿಯ ಚಟ ತೀರದಿದ್ದರೆ ಮೇಲಿನ ಸಾಲು ನೋಡಿ.

ಕೆಲಸ ಶುರುವಾದ ಹತ್ತೊಂಬತ್ತನೇ ದಿನ ಮಾಲು ಲಾರಿ ಹತ್ತಿತು. ಸಂಜೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. "ಅಣ್ಣೋ, ಊರ್ಗೆ ಹೋಗ್ಬುಟ್ಟು ಬತ್ತೀನಿ. ಮೂರು ದಿನ. ನಿಜವಾದ ಮೂರು."

"ಎರಡು," ಎಂದೆ. ಬಾಯಿಗೆ ರೂಢಿ. ಅವನು ಚೌಕಾಶಿ ಮಾಡದೆ ಹಾಜರಿ ಪುಸ್ತಕವನ್ನು ನನ್ನ ಮುಂದಕ್ಕೆ ಸರಿಸಿದ, ಥೇಟ್ ಆ ಮೇಡಮ್ಮು ಕೀಬೋರ್ಡ್ ಸರಿಸಿದ ಹಾಗೆ.

"ಸರಿ ಹೋಗ್ಲಾ, ಮೂರು."