ಚಿಗವ್ವ ಬರೆದ ಕರದಂಟು

ಯುದ್ಧದ ದಿನಗಳವು. ಸೀಮೆಎಣ್ಣೆ, ಸಕ್ಕರೆ, ಕಾಗದ ಈ ಮೂರೂ ಗೋಕಾಕದ ಪೇಟೆಯಲ್ಲಿ ಎಷ್ಟು ಅಲೆದರೂ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಸಂಶಯಕ್ಕೆ ಎಂದೂ ಕೊರತೆ ಬೀಳಲಿಲ್ಲ.

ನಮ್ಮದು ಕರದಂಟು ಮಾಡುವ ಮನೆತನ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ದೊಡ್ಡ ಒಲೆಗಳಿದ್ದ ಪಡಸಾಲೆ. ಬಾಣಂತಿ ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ಆ ವಾಸನೆ ಗೊತ್ತಿರುತ್ತದೆ: ತುಪ್ಪದಲ್ಲಿ ಚಟಪಟ ಅರಳುವ ಗಿಡದ ಅಂಟು, ಕೆಂಪಗೆ ಹುರಿದ ಕೊಬ್ಬರಿ, ಪಾಕಕ್ಕೆ ಬರುತ್ತಿರುವ ಬೆಲ್ಲ. ನಮ್ಮ ಮನೆಯ ಗೋಡೆಗೆ ಮೂಗು ಹಚ್ಚಿದರೂ ಅದೇ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂಡಲು ಹುಡುಗಿಯರು ಜಗಳಾಡುತ್ತಿದ್ದರು, ನನ್ನ ಮೇಲಿನ ಪ್ರೀತಿಗಂತೂ ಅಲ್ಲ.

ಅಂಗಡಿ ನಡೆಸುತ್ತಿದ್ದವರು ದೊಡ್ಡಪ್ಪ. ದೊಡ್ಡವ್ವ ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಗಿ ಕಣ್ಣು ಚುರುಕಾಗಿತ್ತು. ಗಿರಾಕಿ ಒಂದು ಉಂಡೆಯನ್ನು ಎರಡು ಸಲ ಮೂಸಿದರೆ ಸಾಕು, ಇವನು ಯಾವ ಊರವನು, ಯಾರು ಕಳಿಸಿದವರು ಎಂದು ವಿಚಾರಣೆ ಶುರುವಾಗುತ್ತಿತ್ತು. ಯಾಕೆಂದರೆ ನಮ್ಮ ಕರದಂಟಿಗೆ ಒಂದು ಗುಟ್ಟಿತ್ತು. ಅಂಟು ಹುರಿಯುವ ಮೊದಲು ಆ ತುಪ್ಪದಲ್ಲಿ ಒಂದು ಹಿಡಿ ಮೆಂತ್ಯ ಹುರಿದು ಸೋಸಿ ತೆಗೆಯುತ್ತಿದ್ದರು. ಇದರಿಂದ ಸಿಹಿಯ ತಳದಲ್ಲಿ ಒಂದು ಸಣ್ಣ ಕಹಿ ಉಳಿಯುತ್ತಿತ್ತು, ಎಷ್ಟು ತಿಂದರೂ ಬೇಸರ ಬರುತ್ತಿರಲಿಲ್ಲ. ಆ ಹೊತ್ತಿಗೆ ದೊಡ್ಡಪ್ಪ ಆಳುಗಳನ್ನೆಲ್ಲ ಹೊರಗೆ ಕಳಿಸಿ ಅಗಳಿ ಹಾಕಿಕೊಳ್ಳುತ್ತಿದ್ದರು. ಹುರಿದ ಮೆಂತ್ಯವನ್ನು ತಾವೇ ಒಯ್ದು ಹಿತ್ತಲಲ್ಲಿ ಹುಗಿಯುತ್ತಿದ್ದರು. ಮೆಂತ್ಯದ ಘಮಲು ಓಣಿಯ ತುದಿಯವರೆಗೂ ಹೋಗುತ್ತಿತ್ತು. ಆದರೂ ಅದು ಗುಟ್ಟೇ!

ನನಗಾಗ ಒಂಬತ್ತು ವರ್ಷ. ಅವ್ವ ಬಾಣಂತನಕ್ಕೆ ಮೂಡಲಗಿಯ ತವರಿಗೆ ಹೋಗಿದ್ದಳು. ಅಪ್ಪ ಅಂಗಡಿಗೆ ಕೊಬ್ಬರಿ, ಉತ್ತತ್ತಿ ತರಲು ಊರೂರು ತಿರುಗುತ್ತಿದ್ದ. ಹೀಗಾಗಿ ನನ್ನ ಜಡೆ, ಊಟ, ಪಾಠ ಎಲ್ಲ ಚಿಗವ್ವನ ಪಾಲಿಗೆ ಬಂದಿದ್ದವು. ಚಿಗವ್ವ ನನ್ನ ಕಾಕಾನ ಹೆಂಡತಿ, ಹೆಸರು ನೀಲವ್ವ, ಹುಕ್ಕೇರಿಯ ಮಗಳು. ಕಾಕಾ ಸೊಲ್ಲಾಪುರದ ಗಿರಣಿಯಲ್ಲಿದ್ದು ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದ. ಆಕೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ನಮ್ಮ ಮನೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಆಕೆ ಮತ್ತು ನಾನು, ಇಬ್ಬರೇ.

ಆಗಿನ ಒಂದು ಪದ್ಧತಿ ಹೇಳಬೇಕು. ತಮ್ಮನ ಹೆಂಡತಿ ಭಾವನ ಎದುರು ಬರುವಂತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಕೇಳಿಸುತ್ತಿದ್ದರೂ ನಡುವೆ ಒಂದು ಕೂಸು ನಿಲ್ಲಬೇಕು. ಆ ಕೂಸು ನಾನು. "ಪಾರೀ, ಇವತ್ತ ಪಲ್ಲೆ ಯಾವದು ಕೇಳು" ಎಂದು ದೊಡ್ಡಪ್ಪ ಪಡಸಾಲೆಯಿಂದ ಅನ್ನುವರು. "ಬದನಿಕಾಯಿ ಅಂತ ಹೇಳು" ಎಂದು ಚಿಗವ್ವ ಬಾಗಿಲ ಮರೆಯಿಂದ ಅನ್ನುವಳು. ನಾನು ಗಜಗದ ಆಟ ಬಿಟ್ಟು ಎದ್ದು, ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಮಾಡಿ, ಆಗಲೇ ಹೇಳಿದ್ದನ್ನು ಮತ್ತೆ ಹೇಳಬೇಕು. ಅವರಿಬ್ಬರೂ ನೇರವಾಗಿ ನಾಲ್ಕು ಮಾತಾಡುವಂತಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಕಾರ ಹುಣ್ಣಿಮೆ ಕಳೆದ ಮೇಲೆ ಹುಕ್ಕೇರಿಯ ಪೇಟೆಯಲ್ಲಿ ಹೊಸದೊಂದು ಕರದಂಟಿನ ಅಂಗಡಿ ಶುರುವಾಯಿತು. ಅದರ ರುಚಿ ನಮ್ಮದರ ಹಾಗೇ ಇದೆ ಎಂದು ಯಾರೋ ಪುಣ್ಯಾತ್ಮರು ದೊಡ್ಡಪ್ಪನ ಕಿವಿಗೆ ಹಾಕಿದರು. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ಹುಕ್ಕೇರಿ ಅಂದರೆ ಚಿಗವ್ವನ ತವರು. ಅದೇ ತಿಂಗಳು ಚಿಗವ್ವ ಹುಕ್ಕೇರಿಯಲ್ಲಿ ಶಾಲೆ ಮಾಸ್ತರನಾಗಿದ್ದ ತನ್ನ ಅಣ್ಣನಿಗೆ ಎರಡು ದಪ್ಪ ಪತ್ರ ಹಾಕಿದ್ದಳು. ಅಂಗಡಿಯಲ್ಲಿ ಉಂಡೆ ಕಟ್ಟಲು ಇಟ್ಟಿದ್ದ, ಒಂದು ಮಗ್ಗುಲು ಖಾಲಿ ಇದ್ದ ಹಳೆಯ ಜಾಹೀರಾತು ಹಾಳೆಗಳೂ ಕಡಿಮೆಯಾಗುತ್ತಿದ್ದವು. ಇದೆಲ್ಲಕ್ಕಿಂತ ಹೆಚ್ಚಾಗಿ, ಆಕೆ ದಿನಾಲೂ ಮಧ್ಯಾಹ್ನ ನನ್ನ ಅಜ್ಜಿಯ ಬಳಿ ಕೂತು ಕರದಂಟಿನ ಬಗ್ಗೆಯೇ ಕೇಳುತ್ತಿದ್ದಳು. ಅಜ್ಜಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು.

"ಅತ್ತೀ, ಆವಾಗ ಅಂಟು ಹುರದ ಮ್ಯಾಲ ಕುಟ್ಟತಿದ್ರೇನು, ಕೈಲೇ ಮುರೀತಿದ್ರೇನ್ರಿ?"

"ಕೈಲೇ ಮುರಿಯೂದು. ಕುಟ್ಟಿದ್ರ ಹಿಟ್ಟಾಗತೈತಿ."

"ಮತ್ತ ಆ ವಾರ ಮಾವಾರು ಬರಲಿಲ್ಲಂದ್ರೆಲ್ಲ, ನಿಮಗ ಏನ ಅನಸ್ತು?"

ಆಯಿ ನಗುತ್ತಿದ್ದಳು. ಅಜ್ಜ ಮದುವೆಗೆ ಮುಂಚೆ ಗುಡ್ಡದ ಕಡೆಯಿಂದ ಎತ್ತಿನ ಮೇಲೆ ಅಂಟು ಹೇರಿಕೊಂಡು ವಾರಕ್ಕೊಮ್ಮೆ ಆಯಿಯ ತವರಿಗೆ ಬರುತ್ತಿದ್ದನಂತೆ. ಒಬ್ಬರಿಗೊಬ್ಬರು ಒಂದು ಮಾತಾಡಿದವರಲ್ಲ. ಅಂಟು ಇಳಿಸಿ ಹೋಗುವಾಗ ಅವನ ಚೀಲದಲ್ಲಿ ಒಂದು ಉಂಡೆ ಇಟ್ಟು ಕಳಿಸುವುದು ಆಯಿಯ ಕೆಲಸ. ಒಂದು ವಾರ ಅವನು ಬರಲಿಲ್ಲ. ಮುಂದಿನ ವಾರ ಬಂದಾಗ ಸಿಟ್ಟಿಗೆ ತುಪ್ಪದಲ್ಲಿ ಮೆಂತ್ಯ ಕರಿದು, ಆ ಕಹಿ ತುಪ್ಪದಲ್ಲೇ ಉಂಡೆ ಮಾಡಿ ಕೊಟ್ಟಳಂತೆ. ಅವನು ಮರುದಿನವೇ ತಿರುಗಿ ಬಂದು, ಇನ್ನೊಂದು ಅಂಥದೇ ಇದ್ದರೆ ಕೊಡ್ರಿ ಎಂದು ಬಾಗಿಲಲ್ಲಿ ನಿಂತನಂತೆ. ನಮ್ಮ ಮನೆತನದ ಗುಟ್ಟು ಹುಟ್ಟಿದ್ದು ಹಾಗೆ. ನಾನು ಇದನ್ನೆಲ್ಲ ಅಲ್ಲೇ ಗಜಗ ಆಡುತ್ತ ಕೇಳಿದ್ದೆ, ಏನೂ ಅನ್ನಿಸಿರಲಿಲ್ಲ.

ಒಂದು ದಿನ ದೊಡ್ಡಪ್ಪ ನನ್ನನ್ನು ಒಲೆಯ ಬಳಿ ಕರೆದರು. ಕಡಾಯಿಯ ತಳ ಕೆರೆದು ಗರಿಗರಿಯಾದ ಕರಕಲನ್ನು ನನ್ನ ಕೈಗಿಟ್ಟರು. ಅದು ಕರದಂಟಿಗಿಂತಲೂ ರುಚಿ, ಎಲ್ಲ ಮಕ್ಕಳೂ ಅದಕ್ಕೆ ಬಾಯಿ ಬಿಡುತ್ತಿದ್ದರು.

"ಪಾರವ್ವಾ, ನಿನಗ ಓದಾಕ ಬರತೈತಿ ಹೌದಿಲ್ಲೊ?"

"ಜೋಡಕ್ಷರಾನೂ ಬರತಾವು."

"ನಿಮ್ಮ ಚಿಗವ್ವ ಏನ ಬರ್ಯಾಕತ್ತಾಳ ನೋಡಿ ನನಗ ಹೇಳಬೇಕು. ಅಂಟು, ತುಪ್ಪ, ಮೆಂತೆ ಅಂತ ಎಲ್ಲೆರ ಬಂತಂದ್ರ ಚಂದಂಗ ನೆನಪ ಇಟ್ಕೊ. ಈ ಕೆರತ ಇನ್ನ ಮ್ಯಾಲ ಎಲ್ಲಾ ನಿನಗ."

ಒಂಬತ್ತು ವರ್ಷದವಳಿಗೆ ಇದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ? ಅಂದಿನಿಂದ ನನ್ನ ಕಣ್ಣಿಗೆ ಚಿಗವ್ವ ಮಾಡಿದ್ದೆಲ್ಲ ಅಪರಾಧವಾಗಿ ಕಾಣತೊಡಗಿತು. ಆಕೆ ನನ್ನ ಜಡೆ ಹಾಕುವಾಗ ಒಂದು ಗಳಿಗೆ ಕೈ ನಿಲ್ಲಿಸಿದರೆ, ಏನೋ ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸುವುದು. ತನ್ನಷ್ಟಕ್ಕೆ ನಕ್ಕರಂತೂ ಮುಗಿಯಿತು, ಹುಕ್ಕೇರಿಯವರ ಜೊತೆ ಒಳಸಂಚು ಖಾತ್ರಿ. ಒಮ್ಮೆ ರೊಟ್ಟಿ ಬಡಿಯುತ್ತ ಬಡಿಯುತ್ತ ಆಕೆಯ ಕಣ್ಣಲ್ಲಿ ನೀರು ಬಂತು. ಮಾಡಿದ ತಪ್ಪಿಗೆ ಅಳುತ್ತಿದ್ದಾಳೆ ಎಂದು ನಾನು ದೊಡ್ಡಪ್ಪನಿಗೆ ವರದಿ ಒಪ್ಪಿಸಿದೆ. ಅವರು ತಲೆಯಾಡಿಸಿ ಒಂದು ತುಣುಕು ಹೆಚ್ಚಿಗೆ ಕೊಟ್ಟರು.

ಕೊನೆಗೆ ಆಕೆ ಬರೆದ ಹಾಳೆಗಳ ಗಂಟು ಸಿಕ್ಕಿತು. ಮಡಚಿಟ್ಟ ಕೌದಿಗಳ ನಡುವೆ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಚಿಗವ್ವ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಾಗಲೆಲ್ಲ ನಾನು ಕೌದಿಗಳ ಹಿಂದೆ ಕೂತು ಓದಿದೆ. ನಾಲ್ಕು ದಿನ ಹಿಡಿಯಿತು. ಒಬ್ಬ ಹುಡುಗಿ ಇದ್ದಳು, ಒಬ್ಬ ಅಂಟು ಮಾರುವವನಿದ್ದ. ಅವರು ಮಾತಾಡುತ್ತಿರಲಿಲ್ಲ, ಇವಳು ಏನೋ ಮಾಡುವಳು, ಅವನು ತಿನ್ನುವನು. ನನಗೆ ಬೇಕಾದದ್ದು ಅದಲ್ಲ. ನಾನು ಬೆರಳಿಟ್ಟು ಹುಡುಕಿದ್ದು ಅಂಟು, ತುಪ್ಪ, ಮೆಂತ್ಯ. ಒಂದು ಹಿಡಿ ಮೆಂತ್ಯ ಎಂದು ಬರೆದದ್ದು ಕಂಡಾಗ ಆ ಸಾಲಿನ ಮೇಲೆ ಬೆರಳು ಊರಿ ಎರಡು ಸಲ ಓದಿದೆ. ಕಳ್ಳಿ ಸಿಕ್ಕಳು!

ನಾಗರ ಪಂಚಮಿಗೆ ಇನ್ನು ಎಂಟು ದಿನವಿತ್ತು. ನಾನು ಗಂಟನ್ನು ಉಟ್ಟ ಪರಕಾರದ ನಿರಿಗೆಯಲ್ಲಿ ಮುಚ್ಚಿಕೊಂಡು ಹೋಗಿ ದೊಡ್ಡಪ್ಪನ ಮುಂದೆ ಇಟ್ಟೆ. ಉಂಡೆಗಳ ಹಬ್ಬ ಹತ್ತಿರ ಬಂದಿದ್ದರಿಂದ ಒಲೆ ನಿಗಿನಿಗಿ ಉರಿಯುತ್ತಿತ್ತು. ಅವರು ಆಳುಗಳನ್ನು ಹೊರಗೆ ಕಳಿಸಿ, ಬೆರಳಿಟ್ಟು ನಿಧಾನವಾಗಿ ಓದಿದರು. ಮುಖ ಕೆಂಪಾಯಿತು. ಅಷ್ಟರಲ್ಲಿ ಚಿಗವ್ವ ಕೌದಿ ಕೆದರಿದ್ದನ್ನು ನೋಡಿ ಓಡಿಬಂದು ಬಾಗಿಲ ಮರೆಗೆ ನಿಂತಿದ್ದಳು. ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

"ಪಾರೀ, ಇದೇನು ಅಂತ ನಿಮ್ಮ ಚಿಗವ್ವಗ ಕೇಳು."

ನಾನು ಕೇಳಿದೆ.

"ಕಾದಂಬರಿ ಐತಿ ಅಂತ ನಿಮ್ಮ ದೊಡ್ಡಪ್ಪಾರಿಗೆ ಹೇಳು. ಧಾರವಾಡದ ಪುಸ್ತಕದವರೊಬ್ಬರು ಅಚ್ಚ ಹಾಕತೀನಿ ಅಂದಾರ. ನಮ್ಮ ಅಣ್ಣ ಪಂಚಮಿಗೆ ಕರಿಯಾಕ ಬಂದಾಗ ಒಯ್ದ ಕೊಡಾಂವ ಅದಾನ."

"ಕಾದಂಬರಿ ಅಂದ್ರ ಪ್ರೀತಿದ್ದು, ರಾಜಾ ರಾಣೀದು ಇರತೈತಿ. ಇದರಾಗ ನಮ್ಮ ಮೆಂತೆ ಯಾಕ ಬಂತು ಕೇಳು."

"ಅದ ಪ್ರೀತಿ ಐತಿ ಅಂತ ಹೇಳು."

ನಾನು ಹೇಳಿದೆ. ದೊಡ್ಡಪ್ಪ ನನ್ನನ್ನೇ ದುರುಗುಟ್ಟಿ ನೋಡಿದರು, ಆ ಮಾತು ನನ್ನದೇ ಎನ್ನುವ ಹಾಗೆ. ಗದ್ದಲ ಕೇಳಿ ಆಯಿ ಗೋಡೆ ಹಿಡಿದುಕೊಂಡು ಬಂದಳು.

"ನಾನ ಹೇಳೇನಿ ಆಕಿಗೆ. ಆ ಮೆಂತೆ ನನ್ನ ಸಿಟ್ಟು, ನಿನ್ನ ಗುಟ್ಟಲ್ಲ. ಕೊಡು ಹಾಳಿ."

"ಅವ್ವಾ, ನಿನಗ ತಿಳಿಯೂದಿಲ್ಲ. ಅಚ್ಚಾತಂದ್ರ ಹುಕ್ಕೇರಿಯಾಂವ ಓದತಾನ, ಸಂಕೇಶ್ವರದಾಂವ ಓದತಾನ. ಆಮ್ಯಾಲ ನಮ್ಮ ಅಂಗಡಿಗೆ ಯಾರ ಬರತಾರ?"

ದೊಡ್ಡಪ್ಪ ಕೆಟ್ಟವರಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಪೂರ್ತಿ ಗಂಟನ್ನು ಅವರು ಸುಡಲಿಲ್ಲ. ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆ ಎಂದೇ ತಿಳಿದು ಒಂದೊಂದೇ ಹಾಳೆ ನೋಡಿದರು. ಅಂಟು, ತುಪ್ಪ, ಮೆಂತ್ಯ ಇದ್ದವನ್ನು ಕಿತ್ತು ಕಡಾಯಿಯ ಕೆಳಗೆ ಹಾಕಿದರು. ಯಾವ ಹಾಳೆಯಲ್ಲಿ ಏನಿದೆ ಎಂದು ನಾನೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟೆ. ಜೋಡಕ್ಷರಗಳೂ ಬರುತ್ತಿದ್ದವಲ್ಲ! ಆಯಿ ಕೈ ಚಾಚಿದಳು, ಬೆಂಕಿಯ ಝಳಕ್ಕೆ ಹಿಂದೆ ಸರಿದಳು. ಉಳಿದ ಹಾಳೆಗಳನ್ನು ದೊಡ್ಡಪ್ಪ ಜೋಡಿಸಿ, ಅದೇ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

"ಕೊಡವಾ ಅವರಿಗೆ. ಪ್ರೀತಿ ಪ್ರೇಮ ಏನರ ಬರಕೊಳ್ಳಲಿ, ನಂದೇನೂ ತಕರಾರಿಲ್ಲ ಅಂತ ಹೇಳು."

ನಾನು ಗಂಟನ್ನು ಬಾಗಿಲ ಮರೆಗೆ ಒಯ್ದು ಕೊಟ್ಟೆ. ಆಮೇಲೆ ಚಿಗವ್ವ ಅಂದಳು, "ಪಾರೀ, ಅವರಿಬ್ಬರೂ ಮಾತಾಡಿದ್ದು ಸುಟ್ಟ ಹಾಳ್ಯಾಗಷ್ಟ ಇತ್ತು ಅಂತ ಹೇಳು. ಉಳದದ್ದು ಬರೇ ದಾರಿ, ಮಳಿ, ಎತ್ತು."

ದೊಡ್ಡಪ್ಪನಿಗೆ ಅದು ಕೇಳಿಸಿತ್ತು. ಆದರೂ ನಾನು ಎರಡು ಹೆಜ್ಜೆ ಇಟ್ಟು ಹೋಗಿ ಹೇಳಬೇಕಿತ್ತು. ಅಂದು ಮೊದಲ ಸಲ ನಾನು ಒಂದು ಮಾತನ್ನು ಮುಟ್ಟಿಸದೆ ಉಳಿದೆ. ಕಡಾಯಿಯ ಕೆರೆತವನ್ನೂ ಮುಟ್ಟಲಿಲ್ಲ. ನನಗೆ ಆಗಲೇ ಎಲ್ಲ ಅರ್ಥವಾಗಿತ್ತು ಎಂದು ಬರೆದರೆ ಸುಳ್ಳಾದೀತು. ಚಿಗವ್ವ ನನ್ನನ್ನು ಬಯ್ಯುವಳು ಎಂದು ಹೆದರಿದ್ದೆ, ಆಕೆ ಬಯ್ಯಲಿಲ್ಲ. ಮರುದಿನ ಎಂದಿನಂತೆ ಜಡೆ ಹಾಕಿದಳು. ಕೈ ಎಲ್ಲಿಯೂ ನಿಲ್ಲಲಿಲ್ಲ, ಬೇಗ ಮುಗಿಯಿತು.

ಪಂಚಮಿಗೆ ಚಿಗವ್ವನ ಅಣ್ಣ ಕರೆಯಲು ಬಂದ. ಛತ್ರಿ ಮಡಚುತ್ತಲೇ, "ಎಲ್ಲಿ ಐತಿ ಕಾದಂಬರಿ ಕೊಡು, ಮಳ್ಯಾಗ ಒದ್ದಿ ಆಗದಂಗ ಒಯ್ಯಾಕ ಮೇಣಗಪ್ಪಡಾ ತಂದೇನಿ" ಅಂದ. ಆಕೆ ಉಂಡೆಯ ಡಬ್ಬಿ ತೋರಿಸಿದಳು. ಅವನು ಆಕೆಯ ಮುಖ ನೋಡಿ, ತಂದ ಮೇಣಗಪ್ಪಡವನ್ನು ಆ ಡಬ್ಬಿಗೇ ಸುತ್ತಿದ. ಹಬ್ಬ ಮುಗಿಸಿ ತಿರುಗಿ ಬಂದವಳು ಮತ್ತೆ ಲೆಕ್ಕಣಿಕೆ ಹಿಡಿಯಲಿಲ್ಲ, ಅಂಗಡಿಯ ಹಾಳೆಗಳು ಎಷ್ಟಿದ್ದವೋ ಅಷ್ಟೇ ಉಳಿದವು. ಹುಕ್ಕೇರಿಯ ಆ ಅಂಗಡಿ ದೀಪಾವಳಿಯ ಹೊತ್ತಿಗೆ ತಾನಾಗಿಯೇ ಮುಚ್ಚಿತು. ಅವರ ಕರದಂಟಿನ ರುಚಿ ನಮ್ಮದರ ಹತ್ತಿರಕ್ಕೂ ಬರುತ್ತಿರಲಿಲ್ಲವಂತೆ. ಅದನ್ನು ತಿಂದು ನೋಡುವಷ್ಟು ವ್ಯವಧಾನ ದೊಡ್ಡಪ್ಪನಿಗೆ ಇರಲಿಲ್ಲ.

ಈಗ ದೊಡ್ಡಪ್ಪ ಇಲ್ಲ, ಆಯಿ ಇಲ್ಲ, ಕಡಾಯಿಯ ಪಡಸಾಲೆಯಲ್ಲಿ ಯಂತ್ರ ಕೂತಿದೆ. ಯಾರೇ ಮಾಡಿದರೂ ಕರದಂಟಿಗೆ ಏನೇನು ಹಾಕಿದೆ ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಮನೆಯದರ ಮೇಲೆ ಮೆಂತ್ಯವೂ ಇದೆ. ಯಾರೂ ನಿಂತು ಓದುವುದಿಲ್ಲ. ಭಾವಂದಿರೂ ತಮ್ಮಂದಿರ ಹೆಂಡಂದಿರೂ ಈಗ ಎದುರುಬದುರು ಕೂತು ಚಹಾ ಕುಡಿಯುತ್ತಾರೆ, ಒಳ್ಳೆಯದೇ ಆಯಿತು. ನಾನು ಮಾತ್ರ ಯಾರಾದರೂ ತನ್ನಷ್ಟಕ್ಕೆ ನಕ್ಕರೆ ಇಂದಿಗೂ ತಿರುಗಿ ನೋಡುತ್ತೇನೆ. ಅಂದು ಹತ್ತಿದ ಗುಣ, ಹೋಗಿಲ್ಲ.

ಚಿಗವ್ವನಿಗೆ ವಯಸ್ಸಾದ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಮತ್ತ ಯಾಕ ಬರೀಲಿಲ್ಲ ಚಿಗವ್ವಾ? ಕತಿ ನಿನ್ನ ತಲ್ಯಾಗ ಇತ್ತಲ್ಲ?"

"ಬರೀಬಹುದಿತ್ತವಾ. ಖರೆ ಬರ್ಯಾಕ ಕುಂತಾಗೆಲ್ಲ ಹಿಂದ ಯಾರೋ ಕುಂತು ನೋಡಾಕತ್ತಾರ ಅನಸತಿತ್ತು." ನನ್ನ ಕೈ ಹಿಡಿದು ಕೇಳಿದಳು, "ನೀ ಎಲ್ಲಾ ಓದಿದ್ದಿ ಅಲ್ಲ, ಪಾರೀ? ಹೆಂಗಿತ್ತು?"

ಆ ಕಾದಂಬರಿಯನ್ನು ಈ ಲೋಕದಲ್ಲಿ ಪೂರ್ತಿ ಓದಿದವಳು ಅಂತಿದ್ದರೆ ನಾನೊಬ್ಬಳೇ. ಒಂದು ಹಿಡಿ ಮೆಂತ್ಯ, ಅಂಟು ಅರಳುವಷ್ಟು ತುಪ್ಪ, ಕೈಯಿಂದ ಮುರಿಯಬೇಕು, ಕುಟ್ಟಬಾರದು, ಎಲ್ಲ ನೆನಪಿದೆ. ಆ ಹುಡುಗಿಯ ಹೆಸರು ಏನಿತ್ತೆಂದು ನೆನಪಿಲ್ಲ. ಕಹಿ ಉಂಡೆ ಬಾಯಿಗಿಟ್ಟಾಗ ಅವನಿಗೆ ಏನನ್ನಿಸಿತೆಂದು ಚಿಗವ್ವ ಬರೆದಿದ್ದಳು, ಅದು ಒಂದು ಹಾಳೆಯ ತುಂಬ ಇತ್ತು, ಅಷ್ಟು ಗೊತ್ತು. ಮೊದಲ ಸಾಲಷ್ಟೇ ನೋಡಿ, ಅದರಲ್ಲಿ ಅಳತೆ ಇಲ್ಲವೆಂದು ನಾನು ಓದದೆ ಹಾಳೆ ತಿರುವಿದ್ದೆ.

"ಚಲೋ ಇತ್ತು ಚಿಗವ್ವಾ" ಅಂದೆ.