ಬಾವಲಿ ಇರುವ ಅರಮನೆ

ಗೆಳೆಯರೇ, ಇವತ್ತು ಮಧ್ಯಾಹ್ನದಿಂದ ನನಗೆ ತಲೆ ಎತ್ತಲಾಗುತ್ತಿಲ್ಲ. ಒಂದು ವಾರ ರಜೆ ಹಾಕಿ, ಹಳೆಯ ಅರಮನೆಗಳನ್ನು ನೋಡಲು ಹೆಂಡತಿಯೊಂದಿಗೆ ಬಂಟ್ವಾಳದಿಂದ ಹೊರಟವನು ನಾನು. ಮೂಡಬಿದಿರೆಯ ಬಳಿ ಒಂದು ಅರಮನೆಯ ಬಾಗಿಲು ತೆರೆದೇ ಇತ್ತು. ಪಾಳುಬಿದ್ದದ್ದೆಂದು ತಿಳಿದು ಒಳಗೆ ನುಗ್ಗಿದೆವು. ಕೆತ್ತನೆಯ ಕಂಬದ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾ, "ಇಲ್ಲಿ ಬಾವಲಿ ಬಿಟ್ಟು ಬೇರೆ ಯಾರು ಇರ್ತಾರೆ ಮಾರಾಯ್ತಿ! ನಮ್ಮ ದನದ ಹಟ್ಟಿಯೇ ಇದಕ್ಕಿಂತ ಚಂದ ಉಂಟು" ಎಂದು ಜೋರಾಗಿ ನಕ್ಕೆ.

ಪಕ್ಕದ ಕೋಣೆಯಲ್ಲಿ ಮನೆಯವರು ಊಟಕ್ಕೆ ಕುಳಿತಿದ್ದರು. ಬಡಿಸುತ್ತಿದ್ದ ಅಜ್ಜಿ ಹೊರಬಂದು, "ಬಾವಲಿ ಮಾಳಿಗೆಯಲ್ಲಿ ಮಾತ್ರ ಉಂಟು. ಕೆಳಗೆ ನಾವಿದ್ದೇವೆ. ಬನ್ನಿ, ಊಟ ಮಾಡುವ" ಎಂದರು. ತಲೆ ತಗ್ಗಿಸಿಕೊಂಡೇ ಉಂಡೆವು.

ಬಸ್ಸು ಹತ್ತಿದ ಮೇಲೆ ಹೆಂಡತಿ ಹೇಳಿದಳು, "ನಾಳೆ ಗಡಾಯಿಕಲ್ಲಿನ ಪಾಳು ಕೋಟೆಗೆ ಹೋಗುವ. ಅಲ್ಲಿ ನಿಮ್ಮ ಮಾತು ಕೇಳಲಿಕ್ಕೆ ಯಾರೂ ಇಲ್ಲ."